ಪಿಜ್ಜಾ ಟವರ್ ಕೊಳ್ಳೋದಾ, ಶವೆಲ್ ನೈಟ್ ಕೊಳ್ಳೋದಾ? ಹಳೇ ಶೈಲಿಯ ಐದು ಹುಚ್ಚಾಟಗಳ ಹೋಲಿಕೆ

ಪಿಜ್ಜಾ ಟವರ್ ಎಂಬ ವಿಡಿಯೋ ಗೇಮ್ ಆಡಿದವರ ಅಭಿಪ್ರಾಯ ಓದಲು ಕೂತರೆ ತಲೆ ಕೆಡುತ್ತದೆ. ಒಬ್ಬರ ಪ್ರಕಾರ ಅದು ನಗುತ್ತಾ ಆಡುವ ಹಗುರವಾದ ಆಟ, ಸಾಯುವ ಭಯವೇ ಇಲ್ಲ. ಇನ್ನೊಬ್ಬರ ಪ್ರಕಾರ ಅದು ಅಂಗೈ ಬೆವರಿಸುವ ಆಟ, ಎರಡು ಲೆವೆಲ್ ಆದ ಮೇಲೆ ಎದ್ದು ಹೋಗಿ ನೀರು ಕುಡಿಯಬೇಕು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಲೆವೆಲ್ ಮುಗಿದರೆ ಸಾಕು ಅನ್ನುವವರಿಗೆ ಅಲ್ಲಿ ಕಳೆದುಕೊಳ್ಳೋಕೆ ಹೆಚ್ಚೇನೂ ಇಲ್ಲ. ಎಲ್ಲಕ್ಕಿಂತ ಮೇಲಿನ ರ‍್ಯಾಂಕ್ ಬೇಕು ಅನ್ನುವವರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಆದ ತಪ್ಪಿಗೆ ಪೂರ್ತಿ ಲೆವೆಲ್ ಮತ್ತೆ ಆಡಬೇಕು.

ಓಡಿ, ನೆಗೆದು ಮುಂದೆ ಸಾಗುವ ಈ ಜಾತಿಯ ಆಟ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಎಡವಿದರೆ ಆಟ ನನ್ನಿಂದ ಏನನ್ನು ಕಿತ್ತುಕೊಳ್ಳುತ್ತದೆ? ಚಿತ್ರ ಹೇಗಿದೆ, ಸಂಗೀತ ಹೇಗಿದೆ, ಎಷ್ಟು ಗಂಟೆ ಬರುತ್ತದೆ ಅನ್ನೋದೆಲ್ಲ ಆಮೇಲೆ. ಪಿಜ್ಜಾ ಟವರ್ ಕಾಂಬೋ, ಅಂದರೆ ಬಿಡುವಿಲ್ಲದೆ ಹೊಡೆದ ಹೊಡೆತಗಳ ಸರಣಿ, ಕಿತ್ತುಕೊಳ್ಳುತ್ತದೆ. ಶವೆಲ್ ನೈಟ್ ದುಡ್ಡು ಕಿತ್ತುಕೊಳ್ಳುತ್ತದೆ. ಕೇವ್ ಸ್ಟೋರಿ ನಿಮ್ಮ ಗನ್ನಿನ ಬಲವನ್ನೇ ಇಳಿಸುತ್ತದೆ. ದಿ ಮೆಸೆಂಜರ್ ದುಡ್ಡಿನ ಜೊತೆ ಸ್ವಲ್ಪ ಮರ್ಯಾದೆಯನ್ನೂ ತೆಗೆಯುತ್ತದೆ. ಆಂಟನ್‌ಬ್ಲಾಸ್ಟ್ ನೇರವಾಗಿ ಜೀವಕ್ಕೇ ಕೈ ಹಾಕುತ್ತದೆ. ಯಾವ ನಷ್ಟವನ್ನು ನೀವು ತಡೆದುಕೊಳ್ಳಬಲ್ಲಿರಿ ಅಂತ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಅಂಕ ನೋಡಿ ಕೊಳ್ಳೋಣ ಅಂದರೆ ಅದೂ ಇಲ್ಲಿ ದಾರಿ ತೋರಿಸುವುದಿಲ್ಲ. ಅಲ್ಲಿ ಹೆಬ್ಬೆರಳು ಮೇಲೆ ಅಥವಾ ಕೆಳಗೆ, ಇಷ್ಟೇ. ನೂರಕ್ಕೆ 95 ಜನ ಮೇಲೆ ತೋರಿಸಿದ್ದರೆ, ಬರೆದವರು 500 ಜನ ದಾಟಿದ್ದರೆ ‘ಓವರ್‌ವೆಲ್ಮಿಂಗ್ಲಿ ಪಾಸಿಟಿವ್’ ಎಂಬ ಪಟ್ಟ ಸಿಗುತ್ತದೆ. ಈ ಬಗೆಯ ಒಳ್ಳೆಯ ಆಟಗಳೆಲ್ಲ ಹೆಚ್ಚುಕಡಿಮೆ ಆ ಮಟ್ಟದಲ್ಲೇ ಗುಂಪಾಗಿ ನಿಂತಿರುತ್ತವೆ. ಇಷ್ಟ ಆಗುವವರೇ ಹುಡುಕಿಕೊಂಡು ಬಂದು ಕೊಂಡಿರುತ್ತಾರೆ, ಅಲ್ವಾ? ಹೊಗಳಿಕೆಗಿಂತ ಕೆಳಗೆ ತೋರಿಸಿದ ಹೆಬ್ಬೆರಳುಗಳನ್ನು ಓದಿ. ಬೈದವರು ಎಷ್ಟು ಗಂಟೆ ಆಡಿ ಬೈದಿದ್ದಾರೆ ಅಂತಲೂ ನೋಡಿ. ಒಂದು ಗಂಟೆ ಆಡಿ ಬೈದವರದು ಒಂದು ಮಾತು, ನಲವತ್ತು ಗಂಟೆ ಆಡಿ ಬೈದವರದು ಬೇರೆಯದೇ ಮಾತು.

ಪಿಜ್ಜಾ ಟವರ್: ಓಡುವುದೇ ಕೆಲಸ

2023ರ ಜನವರಿಯಲ್ಲಿ ವಿಂಡೋಸ್‌ಗೆ ಬಂದ ಆಟ ಇದು. ಮಾಡಿದ್ದು ಟೂರ್ ಡಿ ಪಿಜ್ಜಾ ಎಂಬ ಪುಟ್ಟ ತಂಡ. 2024ರಲ್ಲಿ ನಿಂಟೆಂಡೊದ ಸ್ವಿಚ್ ಎಂಬ ಯಂತ್ರಕ್ಕೂ ಬಂತು. ನಾಯಕ ಪೆಪ್ಪಿನೊ ಸ್ಪಗೆಟ್ಟಿ. ದಪ್ಪ ಮೀಸೆ, ಬೋಳು ತಲೆ, ಸದಾ ಗಾಬರಿ. ಅವನ ಪಿಜ್ಜಾ ಅಂಗಡಿಯನ್ನು ಉಡಾಯಿಸುತ್ತೇನೆ ಅಂತ ಹಾರುವ ದೊಡ್ಡದೊಂದು ಪಿಜ್ಜಾ ಮುಖ ಬೆದರಿಸುತ್ತದೆ. ಅದನ್ನು ತಡೆಯಲು ಇವನು ಗೋಪುರ ಹತ್ತುತ್ತಾನೆ. ಕಥೆ ಇಷ್ಟೇ. ಇನ್ನೇನೂ ಬೇಕಾಗಿಲ್ಲ.

ಆಟದ ಬೇರು ನಿಂಟೆಂಡೊದ ವಾರಿಯೊ ಲ್ಯಾಂಡ್ ಸರಣಿಯಲ್ಲಿದೆ, ಅದರಲ್ಲೂ 2001ರ ವಾರಿಯೊ ಲ್ಯಾಂಡ್ 4ರಲ್ಲಿ. ಲೆವೆಲ್‌ನ ಕೊನೆಯವರೆಗೆ ಹೋಗಿ, ಅಲ್ಲಿ ಒಂದು ಸ್ವಿಚ್ ಒತ್ತಿ, ಗಡಿಯಾರ ಓಡುತ್ತಿರುವಾಗಲೇ ಹೊರಟ ಜಾಗಕ್ಕೆ ವಾಪಸ್ ಓಡಿಬರಬೇಕು. ಪಿಜ್ಜಾ ಟವರ್‌ನಲ್ಲಿ ಸ್ವಿಚ್ ಬದಲು ಜಾನ್ ಎಂಬ ಕಂಬ ಇದೆ. ಅದನ್ನು ಒಡೆದ ತಕ್ಷಣ ‘ಇಟ್ಸ್ ಪಿಜ್ಜಾ ಟೈಮ್’ ಹಾಡು ಶುರು, ಎಲ್ಲ ನಡುಗಲು ಶುರು. ಸಮಯ ಮುಗಿದರೆ ಆ ಪಿಜ್ಜಾ ಮುಖವೇ ಎಚ್ಚೆತ್ತು ಬೆನ್ನಟ್ಟುತ್ತದೆ. ಮುಟ್ಟಿತೋ, ಕಥೆ ಮುಗಿಯಿತು.

ಇದನ್ನು ಬಿಟ್ಟರೆ ಮಾಮೂಲಿ ಲೆವೆಲ್‌ಗಳಲ್ಲಿ ಪೆಪ್ಪಿನೊ ಸಾಯುವುದಿಲ್ಲ. ಪರದೆಯಲ್ಲಿ ಜೀವದ ಪಟ್ಟಿಯೇ ಇಲ್ಲ. ಅದರ ಬದಲು ಮೂಲೆಯಲ್ಲೊಂದು ಪುಟ್ಟ ಟಿವಿ, ಅದರಲ್ಲಿ ಅವನ ಮುಖ. ವೇಗ ಹೆಚ್ಚಾದಂತೆ ಆ ಮುಖ ವಕ್ರವಾಗುತ್ತಾ ಹೋಗುತ್ತದೆ. ಶತ್ರು ತಾಗಿದರೆ ಅಂಕ ಹೋಗುತ್ತದೆ, ಓಟ ನಿಲ್ಲುತ್ತದೆ. ನಿಂತ ಓಟವೇ ಇಲ್ಲಿ ದೊಡ್ಡ ಶಿಕ್ಷೆ. ಯಾಕೆಂದರೆ ಈ ಆಟದ ಸುಖ ಎಲ್ಲ ಇರುವುದು ನಿಲ್ಲದೆ ಹೋಗುವುದರಲ್ಲಿ. ವೇಗದಲ್ಲಿ ಗೋಡೆಗೆ ಗುದ್ದಿದರೆ ಪೆಪ್ಪಿನೊ ನಿಲ್ಲುವುದಿಲ್ಲ, ಗೋಡೆಯ ಮೇಲೇ ಓಡಿ ಹತ್ತುತ್ತಾನೆ. ಇದು ಅಂಗೈಗೆ ಅರ್ಥವಾದ ದಿನ ಆಟ ಪೂರ್ತಿ ಬೇರೆಯಾಗಿ ಕಾಣುತ್ತದೆ. ಮೊದಮೊದಲು ಬಂಡಿ ಜಾರಿದ ಹಾಗೆ ಅನ್ನಿಸಿದ ಕಂಟ್ರೋಲ್ ಆಮೇಲೆ ಹೇಳಿದ ಮಾತು ಕೇಳುತ್ತದೆ.

ಬೈಯುವವರ ಮೊದಲ ದೂರು ಈ ಜಾರುವಿಕೆಯ ಬಗ್ಗೆಯೇ. ಅದು ಸುಳ್ಳಲ್ಲ. ಒಂದು ಸಣ್ಣ ಜಾಗದಲ್ಲಿ ನಿಖರವಾಗಿ ಹಾರಿ ನಿಲ್ಲಬೇಕಾದಾಗ ಪೆಪ್ಪಿನೊ ಕಷ್ಟ ಕೊಡುತ್ತಾನೆ. ಮಾರಿಯೊ ಆಡಿದ ಬೆರಳುಗಳಿಗೆ ಇವನು ಹುಚ್ಚು ಹಿಡಿದ ಎತ್ತಿನ ಹಾಗೆ ಕಾಣುತ್ತಾನೆ. ನನ್ನ ಅನಿಸಿಕೆ: ಮೊದಲ ಮಹಡಿ ಮುಗಿಯುವವರೆಗೆ ತೀರ್ಪು ಕೊಡಬೇಡಿ.

ಎರಡನೆಯ ದೂರು ಚಿತ್ರಗಳ ಬಗ್ಗೆ. ಹಳೆ ಕಂಪ್ಯೂಟರಿನ ಪೇಂಟ್‌ನಲ್ಲಿ ಶಾಲೆಯ ಹುಡುಗ ಗೀಚಿದ ಹಾಗಿದೆ ಅನ್ನುತ್ತಾರೆ. ಸ್ಕ್ರೀನ್‌ಶಾಟ್ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಚಲನೆ ನೋಡಿ. ಪ್ರತಿ ಹೊಡೆತಕ್ಕೂ, ಪ್ರತಿ ಗಾಬರಿಗೂ ಬೇರೆ ಬೇರೆ ಮುಖ, ಬೇರೆ ಬೇರೆ ಭಂಗಿ. ತೊಂಬತ್ತರ ದಶಕದ ಅಮೆರಿಕನ್ ಕಾರ್ಟೂನುಗಳ ವಿಕಾರವನ್ನು ಬೇಕಂತಲೇ ತಂದಿದ್ದಾರೆ. ಗೀಚು ಸೋಮಾರಿತನದಿಂದ ಬಂದದ್ದಲ್ಲ. ಹಾಗಂತ ಎಲ್ಲರಿಗೂ ಹಿಡಿಸಬೇಕು ಅಂತೇನೂ ಇಲ್ಲ. ಸ್ಕ್ರೀನ್‌ಶಾಟ್ ಬದಲು ಒಂದು ನಿಮಿಷದ ವಿಡಿಯೋ ನೋಡಿ ತೀರ್ಮಾನಿಸಿ.

ಇನ್ನು ಗಂಭೀರವಾದ ಜಗಳ: ಪಿ ರ‍್ಯಾಂಕ್. ಪ್ರತಿ ಲೆವೆಲ್‌ಗೂ ಡಿ, ಸಿ, ಬಿ, ಎ, ಎಸ್ ಅಂತ ಅಂಕ ನೋಡಿ ದರ್ಜೆ ಕೊಡುತ್ತಾರೆ. ಅದರ ಮೇಲೆ ಪಿ. ಪಿ ಬೇಕಾದರೆ ಮೊದಲ ಶತ್ರುವನ್ನು ಹೊಡೆದಲ್ಲಿಂದ ಕೊನೆಯವರೆಗೂ ಕಾಂಬೋ ತುಂಡಾಗಬಾರದು. ಸೆರೆಯಲ್ಲಿರುವ ಟಾಪಿನ್ ಎಂಬ ಐದು ಪುಟ್ಟ ಜೀವಿಗಳನ್ನೂ ಬಿಡಿಸಬೇಕು, ಮೂರು ಗುಪ್ತ ಕೋಣೆ ನೋಡಬೇಕು, ನಿಧಿ ತೆಗೆಯಬೇಕು. ಬಾಗಿಲ ಹತ್ತಿರ ಬಂದ ಮೇಲೆ ಹೊರಗೆ ಹೋಗದೆ, ಗಡಿಯಾರ ಓಡುತ್ತಿರುವಾಗಲೇ ಎರಡನೇ ಸುತ್ತು ಹೊಡೆಯಬೇಕು. ಅಂದರೆ ಲೆವೆಲ್ ಬಾಯಿಪಾಠ ಆಗಿರಬೇಕು. ಇದನ್ನು ಪ್ರೀತಿಸುವವರಿಗೆ ಪಿಜ್ಜಾ ಟವರ್ ಅಂದರೇನೇ ಪಿ ರ‍್ಯಾಂಕ್. ಅವರ ಮಾತು ಕೇಳಿ ಹೊಸಬರು ಹೆದರುತ್ತಾರೆ. ಹೆದರಬೇಡಿ. ಆಟದ ಕೊನೆ ನೋಡಲು ಪಿ ರ‍್ಯಾಂಕ್ ಒಂದೂ ಬೇಕಿಲ್ಲ. ಸಾಮಾನ್ಯವಾಗಿ ಆಡುವವರಿಗೆ ಒಂದೆರಡು ವಾರಾಂತ್ಯದಲ್ಲಿ ಮುಗಿಯುತ್ತದೆ.

ಬಾಸ್‌ಗಳ, ಅಂದರೆ ಕೊನೆಗೆ ಎದುರಾಗುವ ದೊಡ್ಡ ಶತ್ರುಗಳ ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಪೆಪ್ಪಿನೊಗೆ ಜೀವದ ಲೆಕ್ಕ ಇದೆ, ಸಾಯುತ್ತಾನೆ. ಲೆವೆಲ್ ಪೂರ್ತಿ ಓಡಿಕೊಂಡು ಬಂದವರಿಗೆ ಒಂದೇ ಕೋಣೆಯಲ್ಲಿ ನಿಂತು, ಎದುರಾಳಿಯ ನಡೆ ಕಾದು ಹೊಡೆಯುವ ಈ ಜಗಳ ಬೇರೆ ಆಟದಿಂದ ಬಂದಂತೆ ಕಾಣುತ್ತದೆ. ನನಗೆ ಪೆಪ್ಪರ್‌ಮ್ಯಾನ್ ಸಪ್ಪೆ ಅನ್ನಿಸಿತು, ನಕಲಿ ಪೆಪ್ಪಿನೊ ಅದ್ಭುತ ಅನ್ನಿಸಿತು. ‘ವಾರ್’ ಎಂಬ ಲೆವೆಲ್‌ನಲ್ಲಿ ಗಡಿಯಾರ ಮೊದಲ ಹೆಜ್ಜೆಯಿಂದಲೇ ಓಡುತ್ತದೆ. ಅದರ ಬಗ್ಗೆ ಆಡಿದವರಲ್ಲಿ ಎರಡು ಪಂಗಡವೇ ಇದೆ. ನಾನು ಅದರ ಪರ.

2024ರ ಮಾರ್ಚ್‌ನಲ್ಲಿ ನಾಯ್ಸ್ ಎಂಬ ವಿಲನ್ ಆಗಿಯೂ ಪೂರ್ತಿ ಆಟ ಆಡುವ ಅವಕಾಶ ಉಚಿತವಾಗಿ ಬಂತು. ಅವನ ಚಲನೆ ಬೇರೆ. ಆದ್ದರಿಂದ ಅದೇ ಲೆವೆಲ್‌ಗಳು ಹೊಸದಾಗಿ ಕಾಣುತ್ತವೆ.

ಆಂಟನ್‌ಬ್ಲಾಸ್ಟ್: ಇನ್ನೂ ಜೋರು

ಪಿಜ್ಜಾ ಟವರ್ ಮುಗಿಸಿದವರು ಮುಂದೇನು ಅಂತ ಕೇಳಿದರೆ ಎಲ್ಲರೂ ಇದನ್ನೇ ತೋರಿಸುತ್ತಾರೆ. ಸಮ್ಮಿಟ್‌ಸ್ಫಿಯರ್ ತಂಡದ ಈ ಆಟ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಡೈನಮೈಟ್ ಆಂಟನ್ ಎಂಬ ಸಿಟ್ಟಿನ ಕೆಂಪು ಮನುಷ್ಯ, ಕೈಯಲ್ಲಿ ದೊಡ್ಡ ಸುತ್ತಿಗೆ. ಅವನ ಮದ್ಯದ ಬಾಟಲಿಗಳನ್ನು ಸೈತಾನ ಕದ್ದಿದ್ದಾನೆ. ಇದೂ ವಾರಿಯೊ ಲ್ಯಾಂಡ್ ಮನೆತನದ್ದೇ. ಕೊನೆಗೆ ಹೋಗಿ ಸ್ಫೋಟಿಸಿ, ವಾಪಸ್ ಓಡಿಬರಬೇಕು. ಆ ಓಟಕ್ಕೆ ಇವರಿಟ್ಟ ಹೆಸರು ಹ್ಯಾಪಿ ಅವರ್. ಪರದೆಯ ಮುಂಭಾಗದಿಂದ ಹಿಂಭಾಗಕ್ಕೆ ಹಾರುವ ಜಾಗಗಳೂ ಇವೆ.

ವ್ಯತ್ಯಾಸ ಎರಡು. ಇಲ್ಲಿ ನಾಯಕನಿಗೆ ಜೀವದ ಲೆಕ್ಕ ಇದೆ, ಆದ್ದರಿಂದ ಕುರುಡಾಗಿ ನುಗ್ಗಿದರೆ ಸಾಯುತ್ತೀರಿ. ಮತ್ತೆ, ಪಿಜ್ಜಾ ಟವರ್‌ನ ಸುಖ ಓಟದಲ್ಲಿದ್ದರೆ ಇಲ್ಲಿನ ಸುಖ ಒಡೆಯುವುದರಲ್ಲಿ. ಪರದೆಯಲ್ಲಿ ಕಾಣುವ ಬಹುತೇಕ ಎಲ್ಲವೂ ಪುಡಿಯಾಗುತ್ತದೆ. ಇದರ ಬೆಲೆಯೂ ಇದೆ. ಚೂರುಗಳು, ಬೆಂಕಿ, ಅಕ್ಷರ, ನಾಣ್ಯ ಎಲ್ಲ ಒಟ್ಟಿಗೆ ಹಾರಿದಾಗ ಆಂಟನ್ ಎಲ್ಲಿದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಕಣ್ಣಿಗೆ ಆಯಾಸ ಅನ್ನುವ ದೂರಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಎರಡರಲ್ಲಿ ಒಂದೇ ಕೊಳ್ಳುವುದಾದರೆ ಪಿಜ್ಜಾ ಟವರ್ ಕೊಳ್ಳಿ. ಅದು ಗದ್ದಲದ ನಡುವೆಯೂ ದಾರಿಯನ್ನು ಸ್ಪಷ್ಟವಾಗಿ ಇಡುತ್ತದೆ.

ಶವೆಲ್ ನೈಟ್: ಸಲಿಕೆ ಹಿಡಿದ ಸಭ್ಯ

ಇಲ್ಲಿ ಒಂದು ಮಾತು ಹೇಳಬೇಕು. ಪಿಜ್ಜಾ ಟವರ್, ಆಂಟನ್‌ಬ್ಲಾಸ್ಟ್ ನೆನಪಿಸಿಕೊಳ್ಳುವುದು ಗೇಮ್ ಬಾಯ್ ಅಡ್ವಾನ್ಸ್ ಕಾಲವನ್ನು. ಕೈಯಲ್ಲಿ ಹಿಡಿದು ಆಡುವ ಆ ನಿಂಟೆಂಡೊ ಯಂತ್ರ ನಮ್ಮ ಕಡೆ ಹೆಚ್ಚು ಮನೆಗಳಿಗೆ ಬರಲೇ ಇಲ್ಲ. ನಮ್ಮ ಬಾಲ್ಯದ ವಿಡಿಯೋ ಗೇಮ್ ಅಂದರೆ ಟಿವಿಗೆ ಚುಚ್ಚುವ, ನಿಂಟೆಂಡೊ ಯಂತ್ರದ ನಕಲು ಡಬ್ಬಿ. ಲಕ್ಷ ಆಟ ಇದೆ ಅಂತ ಬರೆದ ಕ್ಯಾಸೆಟ್‌ನಲ್ಲಿ ಅವೇ ಹತ್ತಿಪ್ಪತ್ತು ಆಟ ಮತ್ತೆ ಮತ್ತೆ. ಕಾಂಟ್ರಾ, ಮಾರಿಯೊ, ಟ್ಯಾಂಕು. ಆ ಡಬ್ಬಿಯಲ್ಲಿ ಬೆಳೆದವರಿಗೆ ಶವೆಲ್ ನೈಟ್ ತಕ್ಷಣ ಮನೆಯ ಆಟ ಅನ್ನಿಸುತ್ತದೆ. ಪಿಜ್ಜಾ ಟವರ್ ಅನ್ನಿಸುವುದಿಲ್ಲ. ನನ್ನ ವಯಸ್ಸಿನವರು ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ನಾನು ಶವೆಲ್ ನೈಟ್ ಅನ್ನುವುದು ಇದಕ್ಕೇ.

ಯಾಟ್ ಕ್ಲಬ್ ಗೇಮ್ಸ್ ತಂಡ 2013ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ತಾಣದಲ್ಲಿ 75,000 ಡಾಲರ್ ಕೇಳಿತು. ಮೂರು ಲಕ್ಷ ಡಾಲರ್ ದಾಟಿ ಬಂತು. ಆಟ ಹೊರಬಂದದ್ದು 2014ರ ಜೂನ್‌ನಲ್ಲಿ. ನೀಲಿ ಕವಚದ ಯೋಧ, ಕತ್ತಿಯ ಬದಲು ಸಲಿಕೆ. ಸಲಿಕೆಯ ಮೇಲೆ ಶತ್ರುಗಳ ತಲೆಯಿಂದ ತಲೆಗೆ ಪುಟಿಯುವುದು 1989ರ ಡಕ್‌ಟೇಲ್ಸ್ ಆಟದಿಂದ ಬಂದದ್ದು. ಎಂಟು ನೈಟ್‌ಗಳನ್ನು, ಅಂದರೆ ಕವಚ ತೊಟ್ಟ ಯೋಧರನ್ನು, ಒಬ್ಬೊಬ್ಬರಾಗಿ ಸೋಲಿಸುವುದು ಮೆಗಾ ಮ್ಯಾನ್ ಎಂಬ ಹಳೇ ಆಟದಿಂದ. ಮೊದಲ ಮೆಗಾ ಮ್ಯಾನ್‌ಗೆ ಸಂಗೀತ ಕೊಟ್ಟ ಮನಾಮಿ ಮತ್ಸುಮಾಎ ಅವರೇ ಇದರಲ್ಲೂ ಎರಡು ಹಾಡು ಮಾಡಿಕೊಟ್ಟರು. ಉಳಿದದ್ದು ಜೇಕ್ ಕೌಫ್‌ಮನ್ ಅವರದು.

ಸತ್ತರೆ ಏನಾಗುತ್ತದೆ? ನಿಮ್ಮ ಚಿನ್ನದ ಒಂದು ಪಾಲು ರೆಕ್ಕೆ ಇರುವ ಚೀಲಗಳಾಗಿ ಸತ್ತ ಜಾಗದಲ್ಲೇ ತೇಲುತ್ತಿರುತ್ತದೆ. ಚೆಕ್‌ಪಾಯಿಂಟಿನಿಂದ, ಅಂದರೆ ಸತ್ತವರು ಮತ್ತೆ ಶುರು ಮಾಡುವ ಜಾಗದಿಂದ, ಬಂದು ಹಿಡಿದುಕೊಳ್ಳಬಹುದು. ಹಿಡಿಯುವ ಮುಂಚೆ ಮತ್ತೆ ಸತ್ತರೆ ಆ ಚೀಲ ಹೋಯಿತು. ಮಜಾ ಇರುವುದು ಚೆಕ್‌ಪಾಯಿಂಟ್‌ಗಳಲ್ಲಿ. ಅವು ಗಾಜಿನ ಗೋಳಗಳು. ಸಲಿಕೆಯಿಂದ ಒಡೆದರೆ ಒಳಗಿನ ಸಂಪತ್ತು ಸಿಗುತ್ತದೆ, ಆದರೆ ಆ ಚೆಕ್‌ಪಾಯಿಂಟ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಕಷ್ಟ ಬೇಕು ಅಂತ ಮೆನುವಿನಲ್ಲಿ ಕೇಳುವ ಬದಲು ನಿಮ್ಮ ದುರಾಸೆಯನ್ನೇ ಕೇಳುತ್ತಾರೆ. ಹತ್ತು ವರ್ಷ ದಾಟಿದರೂ ಇಷ್ಟು ಚೆಂದದ ಏರ್ಪಾಡು ನಾನು ಬೇರೆಲ್ಲೂ ನೋಡಿಲ್ಲ.

ಒಂದು ತಕರಾರು ಮಾತ್ರ ಇದೆ. ಆಟದ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಕೊಳ್ಳಬೇಕಾದ್ದೆಲ್ಲ ಕೊಂಡಿರುತ್ತೀರಿ, ದುಡ್ಡಿಗೆ ಬೆಲೆ ಇರುವುದಿಲ್ಲ. ಕಳೆದರೂ ಚುರುಕ್ ಅನ್ನುವುದಿಲ್ಲ. ಹೊಡೆತ ತಿಂದಾಗ ಹಿಂದಕ್ಕೆ ಎಸೆದು ಗುಂಡಿಗೆ ಬೀಳಿಸುವ ಹಳೇ ಕೆಟ್ಟ ಚಾಳಿಯನ್ನೂ ಹಾಗೇ ಇಟ್ಟುಕೊಂಡಿದ್ದಾರೆ. ಕೆಲವರಿಗೆ ಅದೇ ಖುಷಿ. ನನಗಲ್ಲ.

ಹುಚ್ಚು ಇದೆಯಾ ಅಂತ ಕೇಳಿದರೆ, ಇದೆ, ಆದರೆ ಮೆಲುದನಿಯದು. ಟ್ರಪಲ್ ಕಿಂಗ್ ಅಂತ ಒಬ್ಬ ರಾಜ ಇದ್ದಾನೆ, ಅರ್ಧ ಮೀನು, ಅರ್ಧ ಸೇಬು. ಅವನ ಮುಂದೆ ಹೋಗಿ ನಿಂತರೆ ತನ್ನ ಬಳಗದ ಜೊತೆ ಕುಣಿಯುತ್ತಾನೆ, ನಿಮ್ಮ ಹತ್ತಿರವಿರುವ ಮದ್ದಿನ ಪಾತ್ರೆ ತುಂಬಿಸುತ್ತಾನೆ. ಟಿಂಕರ್ ನೈಟ್ ಎಂಬ ಬಾಸ್ ಪಾನಾ ಎಸೆದುಕೊಂಡು ಓಡಾಡುವ ಪುಟಾಣಿ. ಎರಡೇ ನಿಮಿಷದಲ್ಲಿ ಸೋಲುತ್ತಾನೆ. ಆಮೇಲೆ ದೊಡ್ಡ ಯಂತ್ರ ಹತ್ತಿಕೊಂಡು ಬರುತ್ತಾನೆ.

ಟ್ರೆಷರ್ ಟ್ರೋವ್ ಹೆಸರಿನ ಕಟ್ಟು ಕೊಂಡರೆ ನಾಲ್ಕು ಕಥೆಗಳು ಸಿಗುತ್ತವೆ. ಕೊನೆಯದು ಬಂದದ್ದು 2019ರಲ್ಲಿ. ಪ್ಲೇಗ್ ನೈಟ್‌ನ ಕಥೆಯಲ್ಲಿ ಬಾಂಬ್ ಹಾರಿಸಿ ನೆಗೆಯುವ ಚಲನೆ ಎಷ್ಟೋ ಜನಕ್ಕೆ ಕೈಗೆ ಹತ್ತುವುದೇ ಇಲ್ಲ, ಹತ್ತಿದವರು ಅದನ್ನು ಬಿಟ್ಟು ಬೇರೆ ಹೊಗಳುವುದಿಲ್ಲ. ಸ್ಪೆಕ್ಟರ್ ನೈಟ್‌ನದು ನಾಲ್ಕರಲ್ಲಿ ಅತಿ ನಯವಾದ ಆಟ. ಮುಖ್ಯ ಕಥೆ ಮುಗಿಸಿದ ಮೇಲೆ ಅಲ್ಲಿಗೇ ಹೋಗಿ. ಕಿಂಗ್ ನೈಟ್‌ನ ಕಥೆಯಲ್ಲಿ ಇಸ್ಪೀಟಿನ ಥರದ ಒಂದು ಆಟ ಇದೆ, ಬೇಡದವರು ಪಕ್ಕಕ್ಕಿಡಬಹುದು.

ದಿ ಮೆಸೆಂಜರ್: ಮಾತಿನ ಮಲ್ಲ

ಕೆನಡಾದ ಕ್ವಿಬೆಕ್‌ನ ಸಬೊಟಾಜ್ ಸ್ಟುಡಿಯೋ 2018ರ ಆಗಸ್ಟ್‌ನಲ್ಲಿ ತಂದ ನಿಂಜಾ ಆಟ. ಮೊದಲರ್ಧ ಆ ಹಳೇ ಡಬ್ಬಿಯ ಥರದ 8 ಬಿಟ್ ಚಿತ್ರ, ನೇರ ದಾರಿ. ಅರ್ಧಕ್ಕೆ ಬಂದಾಗ ಕಾಲ ನೆಗೆದು, ಅದರ ಮುಂದಿನ ಪೀಳಿಗೆಯ 16 ಬಿಟ್ ಚಿತ್ರ ಆಗುತ್ತದೆ, ಸಂಗೀತವೂ ಜೊತೆಗೇ ಬದಲಾಗುತ್ತದೆ. ಗಾಳಿಯಲ್ಲಿದ್ದಾಗ ಏನನ್ನಾದರೂ ಕತ್ತಿಯಿಂದ ಹೊಡೆದರೆ ಇನ್ನೊಂದು ನೆಗೆತ ಸಿಗುತ್ತದೆ. ಈ ಒಂದು ನಿಯಮದ ಮೇಲೆ ಆಟವೆಲ್ಲ ನಿಂತಿದೆ, ಗಟ್ಟಿಯಾಗಿಯೇ ನಿಂತಿದೆ.

ಸತ್ತರೆ ಕ್ವಾರ್ಬಲ್ ಎಂಬ ಪುಟ್ಟ ಕೆಂಪು ದೆವ್ವ ಬಂದು ಉಳಿಸುತ್ತದೆ. ಉಳಿಸಿದ ಕೂಲಿಗೆ ಸ್ವಲ್ಪ ಹೊತ್ತು ನಿಮ್ಮ ಜೊತೆಗೇ ಹಾರುತ್ತಾ, ನೀವು ಹೆಕ್ಕುವ ಕಾಲದ ಚೂರುಗಳನ್ನು (ಅವೇ ಇಲ್ಲಿನ ದುಡ್ಡು) ತಾನೇ ನುಂಗುತ್ತದೆ. ಮೇಲಿಂದ ಕಿಚಾಯಿಸುತ್ತದೆ. ನಷ್ಟ ಸಣ್ಣದು, ಉರಿ ದೊಡ್ಡದು.

ಅಂಗಡಿಯವನು ಕಥೆ ಹೇಳುತ್ತಾನೆ. ಉದ್ದುದ್ದ ಕಥೆ. ಅವನ ಬೀರುವಿಗೆ ಕೈ ಹಾಕಬೇಡ ಅಂದರೂ ಕೈ ಹಾಕಿದರೆ ಬೈಯುತ್ತಾನೆ, ಮತ್ತೆ ಹಾಕಿದರೆ ಇನ್ನಷ್ಟು ಬೈಯುತ್ತಾನೆ. ಕೈ ಹಾಕಿ ನೋಡಿ. ಈ ಹಾಸ್ಯ ಪೂರ್ತಿ ಇಂಗ್ಲಿಷ್ ಮಾತಿನದು. ಓದುವ ತಾಳ್ಮೆ ಇಲ್ಲದವರಿಗೆ ಆಟದ ಅರ್ಧ ರುಚಿ ಹೋದಂತೆ.

ಆಡಿದವರ ಭಿನ್ನಾಭಿಪ್ರಾಯ ಇರುವುದು ಎರಡನೆಯ ಅರ್ಧದ ಬಗ್ಗೆ. ಅಲ್ಲಿ ಆಟ ತೆರೆದ ನಕ್ಷೆಯಾಗುತ್ತದೆ, ಬಂದ ದಾರಿಯಲ್ಲೇ ಮತ್ತೆ ಮತ್ತೆ ತಿರುಗಬೇಕು. ಕೆಲವರಿಗೆ ಅದೇ ಬೆರಗು, ಕೆಲವರಿಗೆ ಸಾಕುಸಾಕು. ನಾನು ಸಾಕುಸಾಕು ಅನ್ನುವ ಕಡೆ.

ಕೇವ್ ಸ್ಟೋರಿ: ಬಿಟ್ಟಿ, ಆದರೆ ಬಿಡುವುದಿಲ್ಲ

ಜಪಾನಿನ ದೈಸುಕೆ ಅಮಾಯಾ, ಪಿಕ್ಸೆಲ್ ಎಂಬ ಹೆಸರಿನಲ್ಲಿ ಬಿಡುವಿನ ವೇಳೆಯಲ್ಲಿ ಐದು ವರ್ಷ ಕೂತು ಒಬ್ಬರೇ ಮಾಡಿದ ಆಟ. ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲ ಅವರದೇ. 2004ರ ಡಿಸೆಂಬರ್‌ನಲ್ಲಿ ಉಚಿತವಾಗಿ ಬಿಟ್ಟರು. ಆ ಮೂಲ ಆವೃತ್ತಿ ಇಂದಿಗೂ ಉಚಿತ, ಎಷ್ಟು ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಕೇವ್ ಸ್ಟೋರಿ ಪ್ಲಸ್‌ನಲ್ಲಿ ಹೊಸ ಚಿತ್ರ, ಹೊಸ ಸಂಗೀತ ಸೇರಿಸಿದ್ದಾರೆ.

ಶತ್ರು ಸತ್ತಾಗ ಹಳದಿ ತ್ರಿಕೋನಗಳು ಉದುರುತ್ತವೆ. ಹೆಕ್ಕಿದರೆ ಕೈಯಲ್ಲಿರುವ ಆಯುಧ ಒಂದರಿಂದ ಮೂರನೇ ಮಟ್ಟಕ್ಕೆ ಏರುತ್ತದೆ. ಹೊಡೆತ ತಿಂದರೆ ಇಳಿಯುತ್ತದೆ. ಕೇಳಲು ಸುಲಭ. ಆದರೆ ಬಾಸ್ ಮುಂದೆ ನೀವು ಸೋಲುತ್ತಿರುವಾಗಲೇ ಗನ್ನು ದುರ್ಬಲವಾಗುತ್ತದೆ, ದುರ್ಬಲವಾದ್ದರಿಂದ ಇನ್ನಷ್ಟು ಸೋಲುತ್ತೀರಿ. ಐದರಲ್ಲಿ ಅತಿ ನಿರ್ದಯ ಶಿಕ್ಷೆ ಇದೇ ಅಂತ ನನ್ನ ಲೆಕ್ಕ. ಸತ್ತರಂತೂ ಕೊನೆಯ ಸೇವ್‌ಗೆ ವಾಪಸ್. ಈ ನಿಯಮವನ್ನು ಪಿಕ್ಸೆಲ್ ಅವರೇ ತಮಾಷೆ ಮಾಡಿದ್ದಾರೆ. ನೆಮೆಸಿಸ್ ಎಂಬ ಆಯುಧ ಮೊದಲ ಮಟ್ಟದಲ್ಲಿ ಭಯಂಕರ. ಮೂರನೇ ಮಟ್ಟಕ್ಕೆ ಏರಿದರೆ ರಬ್ಬರ್ ಬಾತುಕೋಳಿ ಉಗುಳುತ್ತದೆ.

ಒಳ್ಳೆಯ ಮುಕ್ತಾಯಕ್ಕೆ ಹೋಗುವ ದಾರಿಯನ್ನು ಆಟ ಹೇಳಿಕೊಡುವುದಿಲ್ಲ. ಒಂದು ಕಡೆ ಸಹಜವಾಗಿ ಒಳ್ಳೆಯದು ಅನ್ನಿಸುವ ಕೆಲಸ ಮಾಡಿದರೆ ದಾರಿ ಮುಚ್ಚಿಹೋಗುತ್ತದೆ. ಮೋಸ ಅನ್ನುವವರಿದ್ದಾರೆ. ಮೊದಲ ಸಲ ಏನೂ ಓದದೆ ಆಡಿ, ಬಂದ ಮುಕ್ತಾಯ ನೋಡಿ. ಎರಡನೇ ಸಲ ಮಾರ್ಗದರ್ಶಿ ಇಟ್ಟುಕೊಳ್ಳಿ, ನಾಚಿಕೆ ಬೇಡ.

ಪಟ್ಟಿಗೆ ಸೇರದ ಎರಡು

ಸೆಲೆಸ್ಟ್ ಯಾಕಿಲ್ಲ ಅಂತ ಕೇಳುತ್ತೀರಿ. 2018ರ ಆ ಆಟ ಈ ಐದಕ್ಕಿಂತ ಕಡಿಮೆ ಅಂತಲ್ಲ. ಅದರಲ್ಲಿ ಸತ್ತರೆ ಅದೇ ಪರದೆಯಲ್ಲಿ ತಕ್ಷಣ ಎದ್ದು ನಿಲ್ಲುತ್ತೀರಿ, ಏನೂ ಹೋಗುವುದಿಲ್ಲ. ಕಷ್ಟ ಆದರೆ ಅಸಿಸ್ಟ್ ಮೋಡ್‌ನಲ್ಲಿ ಆಟದ ವೇಗವನ್ನೇ ಇಳಿಸಬಹುದು. ನಷ್ಟವೇ ಬೇಡ ಅನ್ನುವವರು ಸುಮ್ನೆ ಅದನ್ನು ಕೊಂಡುಬಿಡಿ. ಆದರೆ ಅದು ಮನಸ್ಸಿನ ಆತಂಕದ ಕಥೆ, ಹುಚ್ಚಾಟ ಅಲ್ಲ. ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ ಇದೆ ಅನ್ನುವವರಿಗೆ 2015ರ ಡೌನ್‌ವೆಲ್. ಬಾವಿಗೆ ಬೀಳುತ್ತಾ ಬೂಟಿನಿಂದ ಗುಂಡು ಹಾರಿಸಬೇಕು. ಸತ್ತರೆ ಮತ್ತೆ ಮೇಲಿನಿಂದ. ಒಂದು ಆಟ ಕೆಲವೇ ನಿಮಿಷ, ಬಸ್ಸಿಗೆ ಕಾಯುವಾಗ ಸರಿಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಮಕ್ಕಳೂ ಆಡುತ್ತಾರೆ ಅನ್ನುವುದಾದರೆ ಶವೆಲ್ ನೈಟ್. ಈ ಯಾವ ಆಟದಲ್ಲೂ ಕನ್ನಡ ಇಲ್ಲ, ಆದ್ದರಿಂದ ಓದುವುದು ಎಷ್ಟಿದೆ ಅನ್ನುವುದು ಮುಖ್ಯ. ಪಿಜ್ಜಾ ಟವರ್‌ನಲ್ಲಿ ಓದುವುದು ಬಹಳ ಕಡಿಮೆ, ಇಂಗ್ಲಿಷ್ ಬಾರದವರೂ ನೋಡಿಯೇ ಅರ್ಥ ಮಾಡಿಕೊಳ್ಳಬಹುದು. ಆದರೆ ಅದರಲ್ಲಿ ‘ಡೋಂಟ್ ಮೇಕ್ ಎ ಸೌಂಡ್’ ಎಂಬ ಲೆವೆಲ್ ಇದೆ, ಕತ್ತಲಲ್ಲಿ ಗಬಕ್ಕನೆ ಮುಖ ತೋರಿಸಿ ಹೆದರಿಸುವಂಥದ್ದು. ಚಿಕ್ಕವರಿಗೆ ಬೇಡ. ಆಂಟನ್‌ಬ್ಲಾಸ್ಟ್‌ನಲ್ಲಿ ಬಾಟಲಿಯೇ ಕಥೆ, ಅದು ನಿಮ್ಮ ನಿಮ್ಮ ಮನೆಯ ತೀರ್ಮಾನ.

ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಸಿಗುತ್ತದೆ ಅನ್ನುವವರಿಗೆ ಪಿಜ್ಜಾ ಟವರ್ ಹೇಳಿ ಮಾಡಿಸಿದ್ದು. ಒಂದು ಲೆವೆಲ್ ಕೂತಲ್ಲೇ ಮುಗಿಯುತ್ತದೆ. ಒಂದೇ ಲೆವೆಲನ್ನು ಮತ್ತೆ ಮತ್ತೆ ಆಡಿ ನುಣುಪು ಮಾಡುವುದು ಇಷ್ಟ ಇದ್ದರೂ ಅದೇ. ಕಥೆ ಬೇಕು, ಮರೆಯಲಾಗದ ಪಾತ್ರ ಬೇಕು ಅನ್ನುವವರಿಗೆ ಕೇವ್ ಸ್ಟೋರಿ. ಮೆಸೆಂಜರ್ ನಾನು ಎಲ್ಲರಿಗೂ ಹೇಳುವುದಿಲ್ಲ. ಬರೆದ ಹಾಸ್ಯಕ್ಕೆ ನಗುವ ಅಭ್ಯಾಸ ಇದ್ದವರಿಗೆ ಮಾತ್ರ.

ಕಂಟ್ರೋಲರ್ ಇಲ್ಲದೆ ಕೀಬೋರ್ಡಿನಲ್ಲೇ ಆಡುವವರು ಒಂದು ವಿಷಯ ಗಮನಿಸಿ. ಅಗ್ಗದ ಕೀಬೋರ್ಡುಗಳು ಮೂರು ಕೀ ಒಟ್ಟಿಗೆ ಒತ್ತಿದರೆ ಕೆಲವು ಜೋಡಿಗಳಲ್ಲಿ ಒಂದನ್ನು ನುಂಗಿಬಿಡುತ್ತವೆ. ಪಿಜ್ಜಾ ಟವರ್‌ನಲ್ಲಿ ಬಾಣ, ಓಟ, ನೆಗೆತ ಮೂರೂ ಒಟ್ಟಿಗೆ ಬೇಕು. ನೆಗೆಯಲಿಲ್ಲ ಅಂತ ಆಟವನ್ನು ಬೈಯುವ ಮುಂಚೆ ಕೀ ಬದಲಿಸಿ ನೋಡಿ. ಜೊತೆಗೆ, ಅಲ್ಲಿ ಓಡುವ ಕೀ ಶಿಫ್ಟ್. ಶಿಫ್ಟನ್ನು ಐದು ಸಲ ಒತ್ತಿದರೆ ವಿಂಡೋಸ್‌ನ ಸ್ಟಿಕಿ ಕೀಸ್ ಪೆಟ್ಟಿಗೆ ಎದ್ದು ನಿಲ್ಲುತ್ತದೆ, ಅದೂ ಸರಿಯಾಗಿ ಪಿಜ್ಜಾ ಟೈಮ್ ನಡುವೆ. ಸೆಟ್ಟಿಂಗ್ಸ್‌ಗೆ ಹೋಗಿ ಮೊದಲೇ ಆಫ್ ಮಾಡಿಡಿ.

ಇನ್ನೂ ಅನುಮಾನ ಇದ್ದರೆ ಸ್ಟೀಮ್‌ನ ವಾಪಸಾತಿ ನಿಯಮ ಬಳಸಿಕೊಳ್ಳಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಸಿಗುತ್ತದೆ. ಶವೆಲ್ ನೈಟ್‌ಗೆ ಆ ಎರಡು ಗಂಟೆ ಧಾರಾಳ ಸಾಕು, ಮೊದಲ ಇಬ್ಬರು ನೈಟ್‌ಗಳ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ. ಮೆಸೆಂಜರ್‌ಗೆ ಸಾಲದು. ಜಗಳ ಹುಟ್ಟಿಸುವ ದ್ವಿತೀಯಾರ್ಧ ಆ ಎರಡು ಗಂಟೆಯಲ್ಲಿ ಬರುವುದೇ ಇಲ್ಲ. ಪಿಜ್ಜಾ ಟವರ್ ಆದರೆ ಮೊದಲ ಲೆವೆಲ್ ಜಾನ್ ಗಟರ್ ಅನ್ನು ಎರಡು ಸಲ ಆಡಿ. ಮೊದಲ ಸಲ ಗೊಂದಲ ಆಗಲಿ ಬಿಡಿ. ಎರಡನೇ ಸಲ ಮುಗಿಸಿದಾಗ ಬಂದ ರ‍್ಯಾಂಕ್ ನೋಡಿ ಮೂರನೇ ಸಲ ಆಡಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಅನ್ನಿಸದಿದ್ದರೆ ವಾಪಸ್ ಕೊಟ್ಟು ಅದೇ ದುಡ್ಡಿಗೆ ಶವೆಲ್ ನೈಟ್ ತಗೊಳ್ಳಿ.